ಅಗಲ ಮಸೂರವೂ ಪರಿಮಾಣವ್ರತವೂ

ಅನರ್ಥದಂಡವಿರತಿಯ ಐದು ಅತಿಚಾರಗಳಲ್ಲಿ ಕೊನೆಯ ಎರಡನ್ನು ಗೃಹಸ್ಥರು ಸಾಮಾನ್ಯವಾಗಿ ಗಮನಕ್ಕೆ ತಂದುಕೊಳ್ಳುವುದಿಲ್ಲ. ಪ್ರಯೋಜನವನ್ನು ವಿಚಾರಿಸದೆ ಮಿತಿಮೀರಿ ಕಾರ್ಯವೆಸಗುವುದು ಅಸಮೀಕ್ಷ್ಯಾಧಿಕರಣ. ಬೇಕಾದುದಕ್ಕಿಂತ ಹೆಚ್ಚಾಗಿ ಭೋಗವಸ್ತುಗಳನ್ನು ಕೂಡಿಸುವುದು ಉಪಭೋಗಪರಿಭೋಗಾನರ್ಥಕ್ಯ. ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತವನಿಗೆ ಇವೆರಡೂ ಒಟ್ಟಿಗೇ ತಗಲುತ್ತವೆ. ಇದಕ್ಕೆ ಕ್ಯಾಮೆರಾದ ಮಸೂರಕ್ಕಿಂತ ಒಳ್ಳೆಯ ಉದಾಹರಣೆ ಇಂದಿನ ಕಾಲದಲ್ಲಿ ದೊರೆಯುವುದು ಕಷ್ಟ.

ಒಂದು ಬಸದಿಯ ವಿಶ್ವಸ್ತ ಮಂಡಳಿಯು ಒಳಾಂಗಣದ ಶಿಲ್ಪಗಳನ್ನು ದಾಖಲಿಸಲು ಮಿರರ್‌ಲೆಸ್ ಕ್ಯಾಮೆರಾ ಕೊಂಡಿತೆನ್ನೋಣ. ಜೊತೆಗೆ ಬಂದ ಜೂಮ್ ಮಸೂರದಲ್ಲಿ ನವರಂಗದ ಎರಡು ಕಂಬಗಳು ಹಿಡಿಸುತ್ತವೆ, ನಾಲ್ಕು ಹಿಡಿಸುವುದಿಲ್ಲ. ಹಿಂದೆ ಸರಿಯಲು ಗೋಡೆ ಅಡ್ಡಬರುತ್ತದೆ. ಅಗಲ ನೋಟದ ಮಸೂರವೊಂದು ಬೇಕೆಂದು ನಿರ್ಣಯವಾಗುತ್ತದೆ. ದೇವರ ಕಾರ್ಯ, ಆದುದರಿಂದ ಅತ್ಯುತ್ತಮವಾದುದನ್ನೇ ತರೋಣ ಎನ್ನುವರು ಒಬ್ಬರು. ದೇವದ್ರವ್ಯ, ಆದುದರಿಂದ ಅತ್ಯಂತ ಅಗ್ಗದ್ದು ಸಾಕು ಎನ್ನುವರು ಇನ್ನೊಬ್ಬರು. ಎರಡೂ ಭಕ್ತಿಯ ಮಾತುಗಳೇ, ಎರಡರಲ್ಲಿಯೂ ಲೆಕ್ಕವಿಲ್ಲ.

ಲೆಕ್ಕವು ಅಳತೆಯಿಂದ ಆರಂಭವಾಗಬೇಕು. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಮಸೂರಕ್ಕೂ ಫಿಲ್ಮಿಗೂ ನಡುವೆ ಕನ್ನಡಿಯೊಂದು ಏರಿಳಿಯುತ್ತಿದ್ದುದರಿಂದ ಅಷ್ಟು ಜಾಗ ಬಿಡಲೇಬೇಕಿತ್ತು: ಕ್ಯಾನನ್ ಇಎಫ್ ಪದ್ಧತಿಯಲ್ಲಿ 44 ಮಿ.ಮೀ., ನಿಕಾನ್ ಎಫ್‌ನಲ್ಲಿ 46.5 ಮಿ.ಮೀ. ಕನ್ನಡಿ ಹೋದ ಮೇಲೆ ಸೋನಿ ಇ ಪದ್ಧತಿಯಲ್ಲಿ ಆ ಅಂತರ 18 ಮಿ.ಮೀ.ಗೆ ಇಳಿಯಿತು. ಅಗಲ ನೋಟದ ಮಸೂರವನ್ನು ಚಿಕ್ಕದಾಗಿಯೂ ಹಗುರವಾಗಿಯೂ ಮಾಡಲು ಇದರಿಂದ ಅನುಕೂಲವಾಯಿತು. ಸಂಗಮದೂರವನ್ನು ಮಾತ್ರ ಸಂವೇದಕದ ಅಳತೆಯೊಡನೆ ಸೇರಿಸಿಯೇ ಓದಬೇಕು. ಎಪಿಎಸ್-ಸಿ ಎಂಬ ಸಣ್ಣ ಸಂವೇದಕದಲ್ಲಿ 16 ಮಿ.ಮೀ. ಮಸೂರವು ಪೂರ್ಣ ಚೌಕಟ್ಟಿನ 24 ಮಿ.ಮೀ.ನಂತೆ ಕಾಣುತ್ತದೆ, ನೋಟದ ಕೋನ ಸುಮಾರು 83 ಡಿಗ್ರಿ. 12 ಮಿ.ಮೀ. ಆದರೆ ಸುಮಾರು 99 ಡಿಗ್ರಿ. ಇಕ್ಕಟ್ಟಾದ ನವರಂಗಕ್ಕೆ ಎರಡನೆಯದು ಒದಗುತ್ತದೆ, ಅಂಗಳಕ್ಕೂ ಮಾನಸ್ತಂಭಕ್ಕೂ ಮೊದಲನೆಯದು ಧಾರಾಳ.

ಹಣ ಹೆಚ್ಚಾಗಿ ಹೋಗುವುದು ಅಪರ್ಚರಿನ ಅಂಕೆಗೆ. ಎಫ್/1.4 ಮಸೂರವು ಎಫ್/2.8 ಮಸೂರಕ್ಕಿಂತ ನಾಲ್ಕು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ಅದಕ್ಕೆ ದಪ್ಪನೆಯ ಗಾಜು ಬೇಕು, ಗಾಜಿಗೆ ತೂಕವುಂಟು. 2017ರಲ್ಲಿ ಬಂದ ಸಿಗ್ಮಾ 16 ಮಿ.ಮೀ. ಎಫ್/1.4 ಮಸೂರದ ತೂಕ 405 ಗ್ರಾಂ; 2021ರ ಕ್ಯಾನನ್ ಆರ್‌ಎಫ್ 16 ಮಿ.ಮೀ. ಎಫ್/2.8 ದೊಡ್ಡ ಸಂವೇದಕವನ್ನು ತುಂಬಿದರೂ 165 ಗ್ರಾಂ ಮಾತ್ರ. ಈ ಎರಡನೆಯದರಲ್ಲಿ ಅಂಚಿನ ವಕ್ರತೆಯನ್ನು ಕ್ಯಾಮೆರಾದೊಳಗಿನ ಗಣಕವೇ ತಿದ್ದುತ್ತದೆ. ಅದನ್ನು ವಂಚನೆ ಎನ್ನಲಾಗದು. ಗಾಜಿನಿಂದ ಮಾಡಬಹುದಾದುದನ್ನು ಗಣಿತದಿಂದ ಮಾಡಿ ಬೆಲೆಯಿಳಿಸಿದ ವ್ಯಾಪಾರವದು.

ನಾಲ್ಕು ಪಟ್ಟು ಬೆಳಕು ಯಾರಿಗೆ ಬೇಕು? ಹದಿನೈದನೆಯ ಶತಮಾನದಿಂದ ನಿಂತಲ್ಲಿಯೇ ನಿಂತಿರುವ ಮೂಡುಬಿದಿರೆಯ ಸಾವಿರ ಕಂಬದ ಬಸದಿಯ ಕಂಬಗಳು ಇನ್ನು ನಾಲ್ಕು ಸೆಕೆಂಡು ಅಲುಗಾಡದೆ ನಿಲ್ಲಬಲ್ಲವು. ಟ್ರೈಪಾಡಿನ ಮೇಲೆ ಕ್ಯಾಮೆರಾ ಇರಿಸಿ ಎಫ್/8ರಲ್ಲಿ ತೆಗೆದರೆ ಎಫ್/1.4ರ ಹಿರಿಮೆ ಪೆಟ್ಟಿಗೆಯಲ್ಲಿಯೇ ಉಳಿಯುತ್ತದೆ. ಆದರೆ ರಾತ್ರಿ ದೀಪದ ಬೆಳಕಿನಲ್ಲಿ ಪಂಚಕಲ್ಯಾಣದ ಮೆರವಣಿಗೆಯನ್ನು ಚಿತ್ರಿಸುವ ವೃತ್ತಿಯವನಿಗೆ ಅದೇ ಗಾಜು ಅನ್ನ. ಅವನ ಕೈಯಲ್ಲಿ ಅದು ಅನರ್ಥವಲ್ಲ. ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣದೆ ಮೂರ್ಛೆಯಲ್ಲಿ ಕಂಡುದರ ಅರ್ಥ ಇಲ್ಲಿ ಸ್ಪಷ್ಟವಾಗುತ್ತದೆ. ‘ವಸ್ತುವಿದ್ದರೂ ನನಗೆ ಮೂರ್ಛೆಯಿಲ್ಲ’ ಎಂದು ಆರು ಮಸೂರಗಳನ್ನು ಕೊಳ್ಳುವವನಿಗೂ ಆ ಸೂತ್ರವೇ ಆಶ್ರಯವಾಗುತ್ತದೆಂಬುದು ಬೇರೆ ಮಾತು. ಪರಿಮಾಣವ್ರತದಲ್ಲಿ ಸಂಖ್ಯೆಯನ್ನು ಮುಂಚಿತವಾಗಿಯೇ ಗೊತ್ತುಪಡಿಸಬೇಕೆಂಬ ಕಟ್ಟಳೆ ಇಂಥವರನ್ನು ಕಂಡೇ ಹುಟ್ಟಿರಬೇಕು.

ಜೂಮ್ ಇಲ್ಲದ ಪ್ರೈಮ್ ಮಸೂರವೇ ಒಂದು ಬಗೆಯ ಪರಿಮಾಣ. ಅದಕ್ಕೆ ಒಂದೇ ಸಂಗಮದೂರ; ಉಳಿದುದನ್ನು ಛಾಯಾಗ್ರಾಹಕನ ಕಾಲು ಮಾಡಬೇಕು.

ಇನ್ನು ಅತಿ ಅಗ್ಗದ ಪಕ್ಷ. ಸ್ಯಾಮ್ಯಾಂಗ್ 12 ಮಿ.ಮೀ. ಎಫ್/2ರ ಮೂಲ ಮಾದರಿಯಂಥ, ಕೈಯಿಂದಲೇ ಫೋಕಸ್ ಮಾಡಬೇಕಾದ ಮಸೂರಗಳನ್ನು ಕೀಳೆಂದು ತಳ್ಳಬೇಕಿಲ್ಲ. ಎಪಿಎಸ್-ಸಿಯಲ್ಲಿ 12 ಮಿ.ಮೀ.ಯನ್ನು ಎಫ್/8ಕ್ಕೆ ಇಳಿಸಿ ಒಂದು ಮೀಟರಿನ ಆಸುಪಾಸಿಗೆ ಫೋಕಸ್ ಮಾಡಿದರೆ ಸುಮಾರು ಅರ್ಧ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಫುಟವಾಗಿರುತ್ತದೆ. ಪರೀಕ್ಷಿಸಬೇಕಾದುದು ಮೂಲೆಗಳನ್ನು. ಇಟ್ಟಿಗೆಯ ಗೋಡೆಗೆ ನೇರವಾಗಿ ನಿಂತು ಒಂದು ಚಿತ್ರ ತೆಗೆದು ನಾಲ್ಕು ಮೂಲೆಗಳನ್ನೂ ಹೋಲಿಸಬೇಕು. ಒಂದೇ ಮೂಲೆ ಮಸುಕಾದರೆ ಗಾಜು ಕೇಂದ್ರ ತಪ್ಪಿದೆ, ಹಿಂದಿರುಗಿಸತಕ್ಕದ್ದು. ಕಂಬದ ಬೋದಿಗೆಯ ಕೆತ್ತನೆ ಬರುವುದು ಚಿತ್ರದ ಅಂಚಿನಲ್ಲಿಯೇ. ಅಲ್ಲಿ ಮಸುಕಾದ ಮಸೂರವನ್ನು ಅಗ್ಗವೆಂದು ತಂದರೆ ವರ್ಷದೊಳಗೆ ಇನ್ನೊಂದು ಬರುತ್ತದೆ; ಎರಡನ್ನೂ ಕೂಡಿಸಿದರೆ ಮಧ್ಯಮ ಬೆಲೆಯದನ್ನು ಮೀರುವುದು ವ್ಯಾಪಾರಿಗೆ ತಿಳಿಯದ ವಿಷಯವೇನಲ್ಲ.

ಬೆಲೆಗಿಂತ ಗಹನವಾದುದು ಸತ್ಯಾಣುವ್ರತದ ಪ್ರಶ್ನೆ. ಅಗಲ ಮಸೂರವು ಹತ್ತಿರದ್ದನ್ನು ಹಿಗ್ಗಿಸಿ ದೂರದ್ದನ್ನು ಕುಗ್ಗಿಸಿ ತೋರುತ್ತದೆ. ಚಿಕ್ಕ ಕೋಣೆ ಸಭಾಂಗಣವಾಗುತ್ತದೆ. ಯಾತ್ರಿಕರ ವಸತಿಗೃಹದ ಇಂತಹ ಚಿತ್ರವನ್ನು ಪ್ರಕಟಣಪತ್ರದಲ್ಲಿ ಅಚ್ಚುಹಾಕಿ ಕಾದಿರಿಸುವಿಕೆ ಪಡೆಯುವುದು ಸುಳ್ಳು ಹೇಳದೆಯೇ ಸುಳ್ಳಾಡಿದಂತೆ. ಕೋಣೆಯ ಉದ್ದಗಲವನ್ನು ಅಡಿಗಳಲ್ಲಿ ಕೆಳಗೆ ಬರೆದರೆ ದೋಷ ಪರಿಹಾರವಾಗುತ್ತದೆ. ಶ್ರವಣಬೆಳಗೊಳದ ಸುಮಾರು 57 ಅಡಿಯ ಗೊಮ್ಮಟನನ್ನು ಪಾದದ ಬಳಿಯಿಂದ ಅಗಲ ಮಸೂರದಲ್ಲಿ ಹಿಡಿದರೆ ಪಾದ ದೊಡ್ಡದಾಗಿ ಮುಖ ಕಿರಿದಾಗುತ್ತದೆ. ಶಿಲ್ಪಿಯ ಪ್ರಮಾಣಜ್ಞಾನವು ಆ ಚಿತ್ರದಲ್ಲಿ ಉಳಿಯದು.

ಇದರಿಂದ ವಿಶ್ವಸ್ತರಿಗೆ ವ್ಯಾವಹಾರಿಕವಾದ ಎಚ್ಚರಿಕೆಯೊಂದಿದೆ. ಕಳವಾದ ಬಿಂಬವನ್ನು ಗುರುತಿಸಲು ಸಾಕ್ಷ್ಯವಾಗಬೇಕಾದ ಚಿತ್ರಕ್ಕೆ ಅಗಲ ಮಸೂರ ಸಲ್ಲದು. ಸಮೀಪದಿಂದ ತೆಗೆದಾಗ ಮೂಗು ಉಬ್ಬಿ ಕಿವಿ ಹಿಂಜರಿಯುತ್ತದೆ. ಕ್ಯಾಮೆರಾದೊಡನೆ ಬಂದ ಜೂಮ್ ಮಸೂರವನ್ನೇ 35 ಮಿ.ಮೀ.ಗೋ ಅದಕ್ಕಿಂತ ಹೆಚ್ಚಿಗೋ ತಿರುಗಿಸಿ, ಬಿಂಬದ ಪಕ್ಕದಲ್ಲಿ ಅಳತೆಪಟ್ಟಿಯಿರಿಸಿ, ಮುಂದೆ, ಹಿಂದೆ, ಎರಡು ಬದಿ, ಪೀಠದ ಶಾಸನ ಎಂದು ಐದು ಚಿತ್ರ ತೆಗೆದರೆ ಹೊಸದಾಗಿ ಏನನ್ನೂ ಕೊಳ್ಳಬೇಕಿಲ್ಲ. ಹಲವು ಬಸದಿಗಳಿಗೆ ಅಗಲ ಮಸೂರಕ್ಕಿಂತ ಮೊದಲು ಆಗಬೇಕಾದ ಕೆಲಸವಿದು.

ಬಳಸಿದ ಮಸೂರವನ್ನು ಕೊಳ್ಳುವುದು ಮಿತವ್ಯಯಿಗೆ ಯೋಗ್ಯ ಮಾರ್ಗ. ಕೈದೀಪದ ಬೆಳಕನ್ನು ಹಿಂದಿನಿಂದ ಹಾಯಿಸಿ ನೋಡಿದಾಗ ಒಳಗೆ ಜೇಡರಬಲೆಯಂತಹ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡುವುದು ಲೇಸು. ಕರಾವಳಿಯ ಮಳೆಗಾಲದಲ್ಲಿ ಹೊಸ ಮಸೂರಕ್ಕೂ ಅದು ಹತ್ತುತ್ತದೆ. ಹತ್ತಿದ ಮೇಲೆ ತೆಗೆಸಿದರೆ ಗಾಜಿನ ಲೇಪ ಕೆಡಬಹುದು, ಜೀವಹಾನಿಯಂತೂ ತಪ್ಪದು. ಗಾಳಿಯಾಡದ ಡಬ್ಬಿಯೊಂದರಲ್ಲಿ ಸಿಲಿಕಾ ಜೆಲ್ ಪೊಟ್ಟಣವಿರಿಸಿ, ಅದು ತೇವಗೊಂಡಾಗಲೆಲ್ಲ ಬಿಸಿಮಾಡಿ ಒಣಗಿಸುತ್ತಿದ್ದರೆ ಆ ಪ್ರಸಂಗವೇ ಬರುವುದಿಲ್ಲ.