ಚಲಚ್ಚಿತ್ರವೂ ಸಾಕ್ಷಿಧರ್ಮವೂ

ಒಂದು ಜನಾಂಗದ ಬಾಳನ್ನು ಚಿತ್ರಿಸಹೊರಟವನು ಆ ಜನಾಂಗಕ್ಕೆ ಎಷ್ಟರಮಟ್ಟಿಗೆ ಋಣಿ? ನಾಟಕದಲ್ಲಿ ಈ ಪ್ರಶ್ನೆಯು ಅಷ್ಟು ಕಠಿನವಾಗಿ ಏಳುವುದಿಲ್ಲ. ರಂಗದ ಮೇಲೆ ನಿಂತಿರುವುದು ವೇಷವೆಂಬುದನ್ನು ಸಭೆಯೆಲ್ಲವೂ ಬಲ್ಲದು. ಆದಕಾರಣ ಅಲ್ಲಿ ವಂಚನೆಯಿಲ್ಲ. ಚಲಚ್ಚಿತ್ರದ ಸ್ಥಿತಿ ಬೇರೆ. ಯಂತ್ರವು ಕಂಡದ್ದನ್ನೇ ಕಾಣಿಸುತ್ತದೆಂಬ ನಂಬಿಕೆ ನೋಡುವವನ ಮನಸ್ಸಿನಲ್ಲಿ ಮೊದಲೇ ನೆಲಸಿರುತ್ತದೆ. ಕನ್ನಡದಲ್ಲಿ ಇಂತಹ ಕೃತಿಗೆ ಸಾಕ್ಷ್ಯಚಿತ್ರವೆಂಬ ಹೆಸರು ರೂಢಿಯಾಗಿರುವುದು ಅರ್ಥವತ್ತಾಗಿದೆ. ಸಾಕ್ಷಿಯೆನಿಸಿಕೊಂಡವನಿಗೆ ಸಾಕ್ಷಿಯ ಧರ್ಮವೂ ಬಂದೊದಗುತ್ತದೆ. ಆ ಧರ್ಮವಾವುದೆಂಬ ವಿಚಾರಕ್ಕೆ ಪೆಸಿಫಿಕ್ ಸಾಗರದ ನಡುವಣ ಸಮೋವಾ ಎಂಬ ಪುಟ್ಟ ದ್ವೀಪರಾಷ್ಟ್ರದ ಎರಡು ಚಿತ್ರಗಳು ಯೋಗ್ಯವಾದ ದೃಷ್ಟಾಂತಗಳಾಗಿವೆ.

ಅಮೆರಿಕದ ರಾಬರ್ಟ್ ಫ್ಲಾಹರ್ಟಿಯು ಸಂಸಾರಸಮೇತನಾಗಿ 1923ರಲ್ಲಿ ಸಮೋವಾದ ಸವಾಯಿ ದ್ವೀಪಕ್ಕೆ ಹೋಗಿ, ಸಫೂನೆಯೆಂಬ ಗ್ರಾಮದಲ್ಲಿ ನೆಲಸಿ, ಒಂದು ವರ್ಷಕ್ಕೂ ಮೇಲ್ಪಟ್ಟು ದುಡಿದು ‘ಮೋಆನಾ’ ಎಂಬ ಮೂಕಚಿತ್ರವನ್ನು ತೆಗೆದನು. ಅದು 1926ರಲ್ಲಿ ಪ್ರಕಟವಾಯಿತು. ‘ಡಾಕ್ಯುಮೆಂಟರಿ’ ಎಂಬ ಶಬ್ದವನ್ನು ಜಾನ್ ಗ್ರಿಯರ್ಸನ್ ಪ್ರಯೋಗಿಸಿ ಪ್ರಸಿದ್ಧಿಗೆ ತಂದದ್ದು ಆ ವರ್ಷ ಈ ಚಿತ್ರದ ವಿಮರ್ಶೆಯಲ್ಲಿಯೇ. ಬಾಲಕನೊಬ್ಬನು ತೆಂಗಿನ ಮರವನ್ನೇರುವುದು, ಹೆಂಗಸರು ಮರದ ತೊಗಟೆಯನ್ನು ಬಡಿದು ‘ಸಿಯಾಪೊ’ ಎಂಬ ನಾರುಬಟ್ಟೆಯನ್ನು ಮಾಡುವುದು, ಆಮೆಯ ಬೇಟೆ, ನರ್ತನ, ಇವೆಲ್ಲವೂ ಅದರಲ್ಲಿ ಮನೋಹರವಾಗಿ ಮೂಡಿವೆ.

ಆದರೆ ಈ ಮನೋಹರತೆಯ ಬೆಲೆಯೇನು? ಆ ಕಾಲಕ್ಕಾಗಲೇ ಗ್ರಾಮಸ್ಥರು ಹೊರದೇಶದ ಬಟ್ಟೆಯನ್ನು ಉಡುತ್ತಿದ್ದರು. ಚಿತ್ರಕ್ಕಾಗಿ ಅವರಿಗೆ ಹಳೆಯ ನಾರುಬಟ್ಟೆಯನ್ನು ಉಡಿಸಲಾಯಿತು. ಒಂದೇ ಕುಟುಂಬದವರಂತೆ ತೋರುವವರು ಒಂದೇ ಮನೆಯವರಲ್ಲ, ಆರಿಸಿ ಕೂಡಿಸಿದವರು. ಕಥಾನಾಯಕನ ಸೊಂಟದಿಂದ ಮೊಣಕಾಲಿನವರೆಗೆ ‘ಪೇಆ’ ಎಂಬ ಹಚ್ಚೆಯನ್ನು ಹಾಕುವ ಸಂಸ್ಕಾರವೇ ಚಿತ್ರದ ಶಿಖರ. ಆ ಸಂಸ್ಕಾರವೂ ಚಿತ್ರಕ್ಕಾಗಿ ಏರ್ಪಟ್ಟುದು. ಯುವಕನು ಅನುಭವಿಸಿದ ನೋವು ಮಾತ್ರ ನಿಜವಾದುದು.

ಇದಕ್ಕಿಂತ ಗುರುತರವಾದುದು ಚಿತ್ರದಲ್ಲಿ ಇಲ್ಲದಿರುವ ಸಂಗತಿ. 1918ರ ನವೆಂಬರ್ 7ರಂದು ಆಕ್ಲೆಂಡಿನಿಂದ ಬಂದ ‘ಟಲೂನ್’ ಎಂಬ ಹಡಗನ್ನು ನ್ಯೂಜಿಲೆಂಡಿನ ಅಧಿಕಾರಿಗಳು ಅಪಿಯಾ ರೇವಿನಲ್ಲಿ ತಡೆಯಲಿಲ್ಲ. ಅದರೊಡನೆ ಇಳಿದ ಇನ್‌ಫ್ಲುಯೆಂಜಾ ಜ್ವರವು ಸುಮಾರು 8,500 ಮಂದಿಯನ್ನು, ಎಂದರೆ ಐವರಲ್ಲಿ ಒಬ್ಬರನ್ನು, ಬಲಿತೆಗೆದುಕೊಂಡಿತು. ಹಡಗುಗಳಿಗೆ ಕಟ್ಟುನಿಟ್ಟಾದ ತಡೆಯಿದ್ದ ನೆರೆಯ ಅಮೆರಿಕನ್ ಸಮೋವಾದಲ್ಲಿ ಒಬ್ಬರೂ ಸಾಯಲಿಲ್ಲ. ಫ್ಲಾಹರ್ಟಿಯು ಬಂದಾಗ ಈ ಮಹಾಮೃತ್ಯು ಕಳೆದು ಐದು ವರ್ಷಗಳೂ ತುಂಬಿರಲಿಲ್ಲ. ಚಿತ್ರದಲ್ಲಿ ಅದರ ನೆರಳೂ ಬಿದ್ದಿಲ್ಲ. ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಇದಕ್ಕಾಗಿ ಸಮೋವಾ ಜನತೆಯ ಕ್ಷಮೆ ಬೇಡಿದ್ದು 2002ರಲ್ಲಿ.

ಕಲಾವಿದನು ಎಲ್ಲವನ್ನೂ ಹೇಳಬೇಕೆಂಬ ನಿಯಮವುಂಟೆ ಎಂದು ಕೇಳಬಹುದು. ಇಲ್ಲವೆಂಬುದೇ ಉತ್ತರ, ಆಯ್ಕೆಯಿಲ್ಲದೆ ಕಲೆಯಿಲ್ಲ. ಆದರೆ ಸಾಕ್ಷಿಯ ಪೀಠದಲ್ಲಿ ಕುಳಿತು, ಅಳುವ ಮನೆಯನ್ನು ನಗುವ ಮನೆಯೆಂದು ತೋರಿಸಿದರೆ, ಆಡಿದ ಮಾತೊಂದೊಂದೂ ಸರಿಯಾಗಿದ್ದರೂ ಒಟ್ಟು ಸಾಕ್ಷ್ಯವು ಸುಳ್ಳಾಗುತ್ತದೆ. ಅಂತಹ ಸುಳ್ಳನ್ನು ತಿದ್ದುವವರು ಯಾರು? ಚಿತ್ರಿತರಾದವರೇ ತಿದ್ದಬೇಕು, ಅವರಿಗೋ ಆ ಚಿತ್ರದಲ್ಲಿ ಬಾಯಿಯಿಲ್ಲ.

ಫ್ಲಾಹರ್ಟಿಯ ಮಗಳು ಮಾನಿಕಾ ಈ ಕೊರತೆಯನ್ನು ಮನಗಂಡಳೆನ್ನಬಹುದು. ಶೈಶವದಲ್ಲಿ ತಂದೆತಾಯಿಗಳೊಡನೆ ಸಫೂನೆಯಲ್ಲಿದ್ದ ಆಕೆ 1975ರಲ್ಲಿ ಮತ್ತೆ ಸವಾಯಿಗೆ ಹೋಗಿ, ಅಲ್ಲಿಯ ಜನರ ಮಾತನ್ನೂ ಹಾಡನ್ನೂ ಮುದ್ರಿಸಿಕೊಂಡು, ತಂದೆಯ ಮೂಕಚಿತ್ರಕ್ಕೆ ಹೊಂದಿಸಿದಳು. ಅರ್ಧಶತಮಾನದ ಮೇಲೆ ಸಂದ ಋಣದ ಒಂದು ಕಂತು ಅದು.

ಉಳಿದ ಋಣವನ್ನು ಸಮೋವಾದವರೇ ವಸೂಲುಮಾಡಿಕೊಳ್ಳಬೇಕಾಯಿತು. ದೇಶವು 1962ರ ಜನವರಿ 1ರಂದು ಸ್ವತಂತ್ರವಾಯಿತು. ಆದರೆ ಆದ್ಯಂತವಾಗಿ ಸಮೋವಾ ಭಾಷೆಯಲ್ಲೇ ನಡೆಯುವ ಮೊದಲ ಕಥಾಚಿತ್ರವು ಬಂದದ್ದು 2011ರಲ್ಲಿ. ಅಲ್ಲಿಯೇ ಹುಟ್ಟಿದ ಟೂಸಿ ತಮಸೇಸೆ ಅದರ ನಿರ್ದೇಶಕರು. ‘ಓ ಲೆ ತುಲಾಫಾಲೆ’, ಎಂದರೆ ‘ವಾಗ್ಮಿ’ ಎಂಬುದು ಅದರ ಹೆಸರು. ಸಮೋವಾದ ಗ್ರಾಮಸಭೆಯಲ್ಲಿ ‘ಮಟಾಯಿ’ ಎಂಬ ಪದವಿಯುಳ್ಳ ಕುಲಮುಖ್ಯರಿಗೆ ಮಾತ್ರ ಮಾತಿನ ಅಧಿಕಾರ. ಅವರಲ್ಲಿ ವಾಗ್ಮಿಯಾದವನು ಕೋಲನ್ನೂ ಚಾಮರದಂತಹ ನಾರಿನ ಕುಚ್ಚನ್ನೂ ಹಿಡಿದು ಕುಲದ ಪರವಾಗಿ ನುಡಿಯುತ್ತಾನೆ. ಕಥಾನಾಯಕ ಸಾಯಿಲಿ ಕುಳ್ಳದೇಹದ ಬಡ ರೈತ. ಕೆಸುವಿನ ಗೆಡ್ಡೆ ಬೆಳೆಯುವವನು. ತಂದೆಗಿದ್ದ ಪದವಿ ಅವನಿಗೆ ದಕ್ಕಿಲ್ಲ. ಊರಿನಿಂದ ಬಹಿಷ್ಕೃತಳಾಗಿ ಅವನ ಕೈಹಿಡಿದಿದ್ದ ಹೆಂಡತಿ ಸತ್ತಾಗ ಅವಳ ತವರಿನವರು ಶವವನ್ನು ಒಯ್ಯುತ್ತಾರೆ. ಅವಳನ್ನು ಮರಳಿ ತರಲು ಅವನಿಗೆ ಉಳಿದಿರುವ ಆಯುಧ ಮಾತೊಂದೇ.

ಈ ಚಿತ್ರದಲ್ಲಿ ಹಳೆಯ ಸಂಪ್ರದಾಯವು ಕಣ್ಣಿಗೆ ಹಬ್ಬವಾಗಿ ಬರುವುದಿಲ್ಲ. ಬಡವನನ್ನು ತುಳಿಯುವ ಭಾರವಾಗಿಯೂ ಅವನು ಹತ್ತಿ ನಿಲ್ಲುವ ಮೆಟ್ಟಿಲಾಗಿಯೂ ಬರುತ್ತದೆ. ಅದನ್ನು ಹೊಗಳುವ, ತೆಗಳುವ ಹಕ್ಕನ್ನು ನಿರ್ದೇಶಕರು ತಮ್ಮ ಪಾತ್ರಗಳಿಗೇ ಬಿಟ್ಟಿದ್ದಾರೆ.

ಹಾಗೆಂದು ಪರಕೀಯನು ಪರರ ಬಾಳನ್ನು ಚಿತ್ರಿಸಲೇಕೂಡದೆಂದು ವಿಧಿಸುವುದು ಅವಿವೇಕ. ಹಾಗೆ ಮಾಡಿದರೆ ದೇಶದೇಶಗಳ ನಡುವೆ ಅರಿವಿನ ಬಾಗಿಲೇ ಮುಚ್ಚೀತು. ಸ್ವಕೀಯನು ಸುಳ್ಳಾಡಲಾರನೆಂಬ ಭರವಸೆಯಾದರೂ ಎಲ್ಲಿದೆ? ತಮಸೇಸೆಯವರ ಚಿತ್ರಕ್ಕೆ ಹಣವೊದಗಿಸಿದವರಲ್ಲಿ ನ್ಯೂಜಿಲೆಂಡಿನ ಚಲಚ್ಚಿತ್ರ ಆಯೋಗವೂ ಸೇರಿತ್ತು; ಹಿಂದೆ ಆಳಿದವರ ದುಡ್ಡಿನಿಂದ ಆಳಿಸಿಕೊಂಡವರ ಮಾತು ಹೊರಟಿತೆಂದು ಆ ಮಾತು ಅಶುದ್ಧವಾಗಲಿಲ್ಲ. ಫ್ಲಾಹರ್ಟಿಯ ಚಿತ್ರವೂ ತ್ಯಾಜ್ಯವಲ್ಲ. ಬೇರೆಲ್ಲಿಯೂ ಸಿಗದ ಮುಖಗಳನ್ನೂ ಕೈಕೆಲಸಗಳನ್ನೂ ಅದು ಕಾಪಾಡಿದೆ.

ಸಾಕ್ಷಿಯು ಹುಟ್ಟಿದ ಊರಾವುದೆಂದು ನ್ಯಾಯಸ್ಥಾನವು ಕೇಳುವುದಿಲ್ಲ. ಅವನ ಮಾತನ್ನು ಮರುಪ್ರಶ್ನೆಗೆ ಗುರಿಪಡಿಸುತ್ತದೆ. ಎದುರು ನಿಂತವನಿಗೂ ಬಾಯಿ ಕೊಡುತ್ತದೆ. ಒಂದು ಜನಾಂಗದ ಚಿತ್ರವನ್ನು ಅಳೆಯುವ ಧರ್ಮದ ಗಜಕೋಲು ಇದೇ. ತನ್ನ ಚಿತ್ರವನ್ನು ನೋಡಿ ‘ಹೌದು’ ಎನ್ನಲು, ‘ಅಲ್ಲ’ ಎನ್ನಲು ಆ ಜನಕ್ಕೆ ಎಡೆಯಿರಬೇಕು. ಸಾಯಿಲಿಯು ಸಭೆಯಲ್ಲಿ ಎದ್ದುನಿಂತು ಪಡೆದುಕೊಂಡದ್ದು ಆ ಎಡೆಯನ್ನೇ.