ಬೇಲಿಯೊಳಗಿನ ಬೆಸ್ಟ್

ಅಮೆರಿಕದ ಕಾಲೇಜ್ ಫುಟ್‌ಬಾಲ್‌ನಲ್ಲಿ 'ಆಲ್-ಕಾನ್ಫರೆನ್ಸ್' ಅಂತ ಒಂದು ಗೌರವ ಇದೆ. ಕಾನ್ಫರೆನ್ಸ್ ಅಂದ್ರೆ ಪರಸ್ಪರ ಆಡುವ ಕೆಲವು ಕಾಲೇಜುಗಳ ಕೂಟ. ಸೀಸನ್ ಮುಗಿದ ಮೇಲೆ, ಆ ಕೂಟದಲ್ಲಿ ಒಂದೊಂದು ಜಾಗಕ್ಕೂ ಯಾರು ಬೆಸ್ಟ್ ಅಂತ ಆರಿಸಿ ಒಂದು ತಂಡದ ಪಟ್ಟಿ ಮಾಡ್ತಾರೆ. 1950ರ ದಶಕದಲ್ಲಿ ಅಸೋಸಿಯೇಟೆಡ್ ಪ್ರೆಸ್, ಯುನೈಟೆಡ್ ಪ್ರೆಸ್ ಸುದ್ದಿಸಂಸ್ಥೆಗಳು ಇಂಥ ಪಟ್ಟಿ ಹೊರಡಿಸುತ್ತಿದ್ದವು.

ಈಗ ದಕ್ಷಿಣದ ಸೌತ್‌ಈಸ್ಟರ್ನ್ ಕಾನ್ಫರೆನ್ಸ್ ನೋಡಿ. 1933ರಿಂದ ಆಟ ನಡೆದಿದ್ದರೂ ಅದರ ಫುಟ್‌ಬಾಲ್ ಪಂದ್ಯದಲ್ಲಿ ಮೊದಲ ಕಪ್ಪು ಆಟಗಾರ ಕಣಕ್ಕಿಳಿದದ್ದು 1967ರಲ್ಲಿ: ಕೆಂಟಕಿಯ ನೇಟ್ ನಾರ್ತಿಂಗ್ಟನ್. ಲೂಸಿಯಾನಾದ ಎಲ್‌ಎಸ್‌ಯು ಈ ಕೂಟದಲ್ಲಿತ್ತು. ಅದೇ ರಾಜ್ಯದ ಕಪ್ಪು ಕಾಲೇಜು ಗ್ರ್ಯಾಂಬ್ಲಿಂಗ್‌ನಲ್ಲಿ ಎಡ್ಡಿ ರಾಬಿನ್ಸನ್ 1941ರಿಂದ ಕೋಚ್. ಅವರ ಶಿಷ್ಯ ಟ್ಯಾಂಕ್ ಯಂಗರ್ 1949ರಲ್ಲೇ ಲಾಸ್ ಏಂಜಲೀಸ್ ರ‍್ಯಾಮ್ಸ್ ಸೇರಿ ವೃತ್ತಿಪರ ಆಟಗಾರನಾದ. ಆದರೆ ಸೌತ್‌ಈಸ್ಟರ್ನ್ ಪಟ್ಟಿಗೆ ಅವನ ಹೆಸರು ಬರುವ ದಾರಿಯೇ ಇರಲಿಲ್ಲ.

ಹಾಗಾದ್ರೆ ಆ ಪಟ್ಟಿ ಸುಳ್ಳಾ? 'ಹಾಳೂರಿಗೆ ಉಳಿದವನೇ ಗೌಡ' ಅಂದುಬಿಡೋದು ಸುಲಭ. ಆದರೆ ಅದು ಅನ್ಯಾಯದ ಮಾತು. ಆಯ್ಕೆಯಾದ ಹುಡುಗರು ಬೆವರು ಸುರಿಸಿದ್ದು ನಿಜ. ಮತ ಹಾಕಿದವರು ಪ್ರಾಮಾಣಿಕವಾಗಿ ಹಾಕಿದ್ದಾರೆ ಅಂತಲೇ ಇಟ್ಟುಕೊಳ್ಳೋಣ. ಆಗಲೂ ಒಂದು ಸಮಸ್ಯೆ ಉಳಿಯುತ್ತೆ: ಬೇಲಿ ಹಾಕಿದ್ದು ಬೇರೆ ಯಾರೋ, ಹೋಲಿಕೆ ನಡೆದದ್ದು ಬೇಲಿಯೊಳಗೆ ಮಾತ್ರ. ಹೊರಗಿದ್ದವನನ್ನು ಈ ಪಟ್ಟಿ ತಿರಸ್ಕರಿಸಲಿಲ್ಲ, ಅವನನ್ನು ನೋಡಲೇ ಇಲ್ಲ. ತಿರಸ್ಕಾರವಾದ್ರೆ ಪ್ರಶ್ನಿಸಬಹುದು. ನೋಡದೇ ಇರೋದಕ್ಕೆ ಯಾರನ್ನು ಕೇಳೋದು?

ನಮ್ಮ ಕಥೆಯೂ ಅಷ್ಟು ದೂರ ಇಲ್ಲ. ಎಸ್ಸೆಸ್ಸೆಲ್ಸಿ ಗಣಿತದಲ್ಲಿ ನನಗಿಂತ ಹೆಚ್ಚು ಅಂಕ ತೆಗೆದ ನಮ್ಮೂರ ಹುಡುಗಿಗೆ ಪಿಯುಸಿ ಮುಗಿಯೋ ಮೊದಲೇ ಮದುವೆಯಾಯ್ತು. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಅವಳನ್ನು ಯಾರೂ ರಿಜೆಕ್ಟ್ ಮಾಡಲಿಲ್ಲ. ನಾನು ಸೆಲೆಕ್ಟ್ ಆದೆ. ನನ್ನ ಓದು ಸುಳ್ಳಲ್ಲ, ಆದರೆ 'ಪೂರ್ತಿ ನನ್ನ ಮೆರಿಟ್' ಅನ್ನೋ ಮಾತು ನಿಜವೂ ಅಲ್ಲ.

ಗೆದ್ದವರು ಟ್ರೋಫಿ ವಾಪಸ್ ಕೊಡಬೇಕಿಲ್ಲ, ತಪ್ಪಿತಸ್ಥರ ಹಾಗೆ ತಲೆ ತಗ್ಗಿಸಬೇಕೂ ಇಲ್ಲ. ಆದರೆ ಬೇಲಿಯೊಳಗಿನವನ ಮಾತಿಗೆ ಒಂದು ತೂಕ ಇರುತ್ತೆ. ಅಪ್ರೈಸಲ್‌ನಲ್ಲಿ 'ಟಾಪ್ ಪರ್ಫಾರ್ಮರ್' ಅನ್ನಿಸಿಕೊಂಡವರು ನಾಳೆ ಇಂಟರ್‌ವ್ಯೂ ಪ್ಯಾನೆಲ್‌ನಲ್ಲಿ ಕೂರ್ತಾರೆ. ಅಲ್ಲಿ ಯಾರು ಚೆನ್ನಾಗಿ ಉತ್ತರಿಸಿದರು ಅಂತ ಎಲ್ಲರೂ ಕೇಳ್ತಾರೆ. ಬಾಗಿಲವರೆಗೂ ಬರಲಾಗದವರು ಯಾರು, ಯಾಕೆ ಅಂತ ಕೇಳೋ ಜವಾಬ್ದಾರಿ ಒಳಗೆ ಕೂತವರದ್ದು. ಹೊರಗಿರೋರು ಕೇಳಿದ್ರೆ ಅದನ್ನ ಹೊಟ್ಟೆಕಿಚ್ಚು ಅಂತಾರೆ.