ಅಂತಃಸಾಕ್ಷಿಗೆ ಆದೇಶವುಂಟೆ?

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಮತದಾರನು ರಾಷ್ಟ್ರಪತಿಯನ್ನು ಸಾಕ್ಷಾತ್ತಾಗಿ ಆರಿಸುವವನಲ್ಲ. ಅವನು ವಿಧಾನಸಭೆಗೂ ಲೋಕಸಭೆಗೂ ಆರಿಸಿ ಕಳುಹಿಸಿದವರು, ಸಂವಿಧಾನದ 54ನೆಯ ವಿಧಿಯಂತೆ, ಆ ಕಾರ್ಯವನ್ನು ನೆರವೇರಿಸುವರು. ಹೀಗೆ ತನ್ನ ವಿವೇಕವನ್ನು ಮತ್ತೊಬ್ಬನ ವಶಕ್ಕೆ ಒಪ್ಪಿಸಿದ ಮೇಲೆ, ಆ ಮತ್ತೊಬ್ಬನು ಮನ್ನಿಸತಕ್ಕದ್ದು ಯಾರ ಮಾತನ್ನು: ಕಳುಹಿಸಿದವರದನ್ನೋ, ಪಕ್ಷದ್ದನ್ನೋ, ತನ್ನ ಅಂತರಂಗದ್ದನ್ನೋ?

ಕೇಂದ್ರದಲ್ಲಿ ಕಾಂಗ್ರೆಸ್ಸೊಂದೇ ಅವಿಚ್ಛಿನ್ನವಾಗಿ ಆಳುತ್ತಿದ್ದ ಕಾಲದಲ್ಲಿ, 1969ರ ಜುಲೈ ತಿಂಗಳು, ನಿಜಲಿಂಗಪ್ಪನವರು ಅಧ್ಯಕ್ಷರಾಗಿದ್ದ ಆ ಪಕ್ಷದ ವರಿಷ್ಠರು ಬೆಂಗಳೂರಿನಲ್ಲಿ ಸೇರಿ ಸಂಜೀವ ರೆಡ್ಡಿಯವರನ್ನು ರಾಷ್ಟ್ರಪತಿ ಪದವಿಗೆ ಅಭ್ಯರ್ಥಿಯೆಂದು ನಿಶ್ಚಯಿಸಿದರು. ಅವರ ನಾಮಪತ್ರಕ್ಕೆ ತಾವೇ ಸಹಿ ಹಾಕಿದ್ದ ಇಂದಿರಾ ಗಾಂಧಿಯವರು, ಮತದಾನ ಸಮೀಪಿಸಿದಾಗ, ಅಂತಃಸಾಕ್ಷಿಯಂತೆ ಮತ ನೀಡಿರೆಂದರು. ಎರಡನೆಯ ಪ್ರಾಶಸ್ತ್ಯವನ್ನು ಕೂಡಿಸಿದ ಮೇಲೆ ಮತಮೌಲ್ಯ ಎದುರಾಳಿ ವಿ. ವಿ. ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427.

ಧರ್ಮಮೂಲಗಳನ್ನು ಎಣಿಸುವ ಮನುಸ್ಮೃತಿಯು ಆತ್ಮತುಷ್ಟಿಯನ್ನು, ಎಂದರೆ ಅಂತಃಸಾಕ್ಷಿಯ ಒಪ್ಪಿಗೆಯನ್ನು, ವೇದ, ಸ್ಮೃತಿ, ಸದಾಚಾರಗಳ ಅನಂತರ ಕಟ್ಟಕಡೆಗೆ ಇರಿಸಿದುದು ಅಕಾರಣವಲ್ಲ. ಕಾಳಿದಾಸನ ದುಷ್ಯಂತನಾದರೋ, ಶಕುಂತಲೆಯಲ್ಲಿ ಮನಸ್ಸಿಟ್ಟು, ಸಂದೇಹ ಬಂದೆಡೆ ಸಜ್ಜನರ ಅಂತಃಕರಣವೇ ಪ್ರಮಾಣವೆಂದು ಸಮಾಧಾನಪಡುವನು. ಆ ಅಂತಃಕರಣವು ಅರಸನು ಬಯಸಿದ್ದನ್ನೇ ನುಡಿದಿತ್ತೆಂಬುದು ಬೇರೆ ಮಾತು! ನಾಯಕಿಯ ಕರೆಗೆ ಎಚ್ಚತ್ತ ಸಾಕ್ಷಿಗಳಲ್ಲಿಯೂ ಇಂತಹವು ಹಲವು ಇದ್ದಿರಬೇಕು. ಗುಪ್ತ ಮತದಾನದಲ್ಲಿ ಯಾವುದು ವಿವೇಕ, ಯಾವುದು ಭಯವೆಂದು ಬೇರ್ಪಡಿಸಲು ಬಾರದು. ಆದರೂ ಇದರಿಂದ ಪಕ್ಷದ ಆಜ್ಞೆಯೇ ಪವಿತ್ರವಾಯಿತೆಂದು ನಾನು ಒಪ್ಪಲಾರೆ: ಬೆಂಗಳೂರಿನ ನಿಶ್ಚಯವೂ ಬೆರಳೆಣಿಕೆಯ ಮಂದಿಯದು, ಕುಷ್ಟಗಿಯ ಒಕ್ಕಲಿಗನನ್ನು ಅಲ್ಲಿಯೂ ಯಾರೂ ಕೇಳಿರಲಿಲ್ಲ.